ಪಾಳಿ ಕೆಲಸ, ದೂರದ ಚರ್ಚು, ಉರಿ ಬಿಸಿಲು: ತಪಸ್ಸುಕಾಲದಲ್ಲಿ ನಿಯಮ ಎಷ್ಟು, ರೂಢಿ ಎಷ್ಟು?

ತೋರಣಗಲ್ಲು ಸಿ ಪಾಳಿ:
ಎಲ್ಲರಿಗೂ ನಮಸ್ಕಾರ್ರಿ. ಇಲ್ಲಿ ಕಾರ್ಖಾನೆ ಕೆಲಸ ಮೂರು ಪಾಳಿ. ಬೆಳಿಗ್ಗೆ 6ರಿಂದ 2, 2ರಿಂದ ರಾತ್ರಿ 10, 10ರಿಂದ ಬೆಳಿಗ್ಗೆ 6. ವಾರದ ರಜಾ ಭಾನುವಾರನ ಸಿಗ್ತೈತಿ ಅಂತ ಏನಿಲ್ಲ. ನಾವು ಕಥೋಲಿಕ ಕ್ರೈಸ್ತರು, ಭಾನುವಾರ ಬಲಿಪೂಜೆ (ಚರ್ಚಿನ ಮಾಸ್) ತಪ್ಪಿದರ ಅದು ಪಾಪ ಏನು? ರಾತ್ರಿ ಪಾಳಿ ಮುಗಿಸಿ ಚಹಾ ಕುಡಿದು ಹೋದವರು ಪರಮಪ್ರಸಾದ (ಪೂಜೆಯಾಗ ಕೊಡೋ ಪವಿತ್ರ ರೊಟ್ಟಿ) ತಗೋಬಹುದಾ? ತಪಸ್ಸುಕಾಲದಾಗ (ಈಸ್ಟರಿಗೆ ಮುಂಚಿನ ವಾರಗಳಾಗ) ಕುಲುಮೆ ಮುಂದ ನಿಂತು ಕೆಲಸ ಮಾಡೋರು ಉಪವಾಸ ಹೆಂಗ ಮಾಡಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರ. ನಿಯಮ ಯಾವುದು, ಅಜ್ಜಿ ಹೇಳಿಕೊಟ್ಟ ರೂಢಿ ಯಾವುದು ಅಂತ ಬಿಡಿಸಿ ಹೇಳಿದರ ಅನುಕೂಲ.

ಮುದಗಲ್ ಉಪದೇಶಿ:
ಮೊದಲು ಭಾನುವಾರದ್ದು ನೋಡೋಣ. ಧರ್ಮಸಭೆಯ ಕಾನೂನು ಸಂಹಿತೆ (1983) ವಿಧಿ 1247 ಭಾನುವಾರ ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದು ಕರ್ತವ್ಯ ಅನ್ನುತ್ತದೆ. ಜನ ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಮುಂದಿನ ವಿಧಿ 1248ರಲ್ಲಿ ಎರಡು ಮಾತಿವೆ. ಭಾನುವಾರ ಇಡೀ ದಿನ, ಇಲ್ಲವೇ ಹಿಂದಿನ ದಿನ ಸಂಜೆ, ಎಲ್ಲಿಯಾದರೂ ಕಥೋಲಿಕ ವಿಧಿಯಲ್ಲಿ ನಡೆಯುವ ಬಲಿಪೂಜೆಯಲ್ಲಿ ಪಾಲ್ಗೊಂಡರೆ ಕರ್ತವ್ಯ ಮುಗಿಯಿತು. "ಎಲ್ಲಿಯಾದರೂ" ಅನ್ನೋ ಪದ ಗಮನಿಸಿ. ಸ್ವಂತ ಧರ್ಮಕೇಂದ್ರದಲ್ಲೇ (ನಮ್ಮ ಊರಿನ ಚರ್ಚಿನಲ್ಲೇ) ಆಗಬೇಕಿಲ್ಲ, ಭಾಷೆ ಕನ್ನಡವೇ ಇರಬೇಕಿಲ್ಲ. ಬಳ್ಳಾರಿಯಲ್ಲಿ ತೆಲುಗು, ತಮಿಳು ಮಾತಾಡುವ ಮನೆಗಳು ಬೇಕಾದಷ್ಟಿವೆ. ಅವರ ಪೂಜೆಗೆ ಹೋದರೂ ಲೆಕ್ಕವೇ.

ಎರಡನೆಯದು: ಗುರುಗಳಿಲ್ಲ, ಅಥವಾ ಬೇರೆ ಗಂಭೀರ ಕಾರಣಕ್ಕೆ ಬಲಿಪೂಜೆಗೆ ಹೋಗಲು ಆಗೋದೇ ಇಲ್ಲ ಅಂದಾಗ ವಾಕ್ಯದ ಆರಾಧನೆಗೆ ಹೋಗಿ, ಅದೂ ಇಲ್ಲದಿದ್ದರೆ ಒಬ್ಬರೇ ಅಥವಾ ಮನೆಯವರೆಲ್ಲ ಕೂಡಿ ತಕ್ಕಷ್ಟು ಹೊತ್ತು ಪ್ರಾರ್ಥನೆ ಮಾಡಿ ಎಂದು ಅದೇ ವಿಧಿ ಬಲವಾಗಿ ಸೂಚಿಸುತ್ತದೆ.

ಪಾಳಿ ಕೆಲಸ ಗಂಭೀರ ಕಾರಣವೇ? ಬಿಟ್ಟರೆ ಕೆಲಸ ಹೋಗುತ್ತದೆ, ಬದಲಿ ಸಿಗಲಿಲ್ಲ, ಶನಿವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಬೇರೆ ಪೂಜೆಯೂ ಇಲ್ಲ ಅಂದರೆ ಹೌದು. ಆಗ ಪಾಪವಲ್ಲ. ಆದರೆ ಬೆಳಗಿನ ಪಾಳಿ ಎರಡಕ್ಕೆ ಮುಗಿದು, ಸಂಜೆ ಪೂಜೆ ಇದ್ದೂ ಮಲಗಿದರೆ ಅದು ಪಾಳಿಯ ತಪ್ಪಲ್ಲ. ಪದೇ ಪದೇ ಹೀಗೇ ಬರುತ್ತದೆ ಅಂದರೆ ಧರ್ಮಕೇಂದ್ರದ ಗುರುಗಳ ಹತ್ತಿರ ಒಮ್ಮೆ ಮಾತಾಡಿ. ವಿಧಿ 1245ರ ಪ್ರಕಾರ ಒಬ್ಬೊಬ್ಬರ ಸಂಗತಿ ನೋಡಿ ವಿನಾಯಿತಿ ಕೊಡುವ, ಬೇರೆ ಭಕ್ತಿಕಾರ್ಯಕ್ಕೆ ಬದಲಾಯಿಸುವ ಅಧಿಕಾರ ಅವರಿಗಿದೆ. ಇದನ್ನು ಕೇಳಲು ಯಾರೂ ಹೋಗುವುದಿಲ್ಲ, ಯಾಕೆಂದು ದೇವರಿಗೇ ಗೊತ್ತು.

ಕೌಲ್‌ಬಜಾರ್ ಅಕ್ಕ:
ಉಪದೇಶಿಗಳು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಶನಿವಾರ ಸಂಜೆ ಮದುವೆ ಪೂಜೆಗೆ ಹೋದವರು ಭಾನುವಾರ ಮತ್ತೆ ಹೋಗಬೇಕಾ ಅಂತ ತುಂಬಾ ಜನ ಕೇಳ್ತಾರೆ. ಅದು ಸಂಜೆಯ ಬಲಿಪೂಜೆ ಆಗಿದ್ದರೆ ಕರ್ತವ್ಯ ಮುಗೀತು. ವಾಚನ ಭಾನುವಾರದ್ದೇ ಇರಬೇಕು ಅಂತ ಕಾನೂನಿನಲ್ಲಿಲ್ಲ. ಆದರೆ ಎಷ್ಟೋ ಮದುವೆ ಬಲಿಪೂಜೆ ಇಲ್ಲದೆಯೂ ನಡೀತವೆ, ವಾಚನ, ವಿವಾಹ ವಿಧಿ, ಆಶೀರ್ವಾದ ಅಷ್ಟೇ. ಅದಕ್ಕೆ ಹೋದರೆ ಲೆಕ್ಕಕ್ಕಿಲ್ಲ. ರೊಟ್ಟಿ ದ್ರಾಕ್ಷಾರಸದ ಅರ್ಪಣೆ ಇತ್ತಾ ಇಲ್ಲವಾ, ಅದನ್ನು ನೋಡಿ.

ಸಿಎಸ್‌ಐ (ಪ್ರಾಟೆಸ್ಟಂಟ್) ಚರ್ಚಿನ ಆರಾಧನೆಗೂ ಇದೇ ಮಾತು. ನೆಂಟರ ಜೊತೆ ಹೋಗಿ ಪ್ರಾರ್ಥನೆ ಮಾಡೋದಕ್ಕೆ ಅಡ್ಡಿ ಇಲ್ಲ, ಆದರೆ ಭಾನುವಾರದ ಬಲಿಪೂಜೆಗೆ ಅದು ಬದಲಿ ಆಗಲ್ಲ. ಟಿವಿ, ಯೂಟ್ಯೂಬ್ ಪೂಜೆನೂ ಅಷ್ಟೇ. ಹಾಸಿಗೆ ಹಿಡಿದವರಿಗೆ ಆ ಕರ್ತವ್ಯವೇ ಇಲ್ಲ, ಅವರು ನೋಡೋದು ಪ್ರಾರ್ಥನೆಗೆ. ಗಟ್ಟಿಮುಟ್ಟಾಗಿರೋರು ಚಾದರ ಹೊದ್ದು ಮೊಬೈಲಲ್ಲಿ ನೋಡಿ "ಆಯ್ತು" ಅನ್ನೋ ಹಾಗಿಲ್ಲ.

ಗಂಗಾವತಿ ಅಕ್ಕಿಗಿರಣಿ:
ಪಾಳಿ ಬದಲಿ ವಿಷಯಕ್ಕ ಒಂದು ಮಾತು. ತಿಂಗಳ ಪಟ್ಟಿ ಗೋಡೆಗೆ ಹಚ್ಚಿದ ಮ್ಯಾಲೆ ಕೇಳಿದರ ಕೆಲಸ ಆಗೂದಿಲ್ಲ, ಪಟ್ಟಿ ತಯಾರಾಗೋ ಮುಂಚೆ ಮೇಸ್ತ್ರಿಗೆ ಹೇಳಬೇಕು. ಕೊಡುಕೊಳ್ಳಿ ಲೆಕ್ಕ ಇಟ್ಕೊಳ್ರಿ: ಯುಗಾದಿಗೆ, ರಮ್ಜಾನಿಗೆ ನೀವು ಅವರ ಪಾಳಿ ಮಾಡ್ರಿ, ಶುಭ ಶುಕ್ರವಾರಕ್ಕ, ಪಾಸ್ಖ ಜಾಗರಣೆಗೆ (ಈಸ್ಟರ್ ಹಿಂದಿನ ರಾತ್ರಿ) ಅವರು ನಿಮ್ಮದು ಮಾಡ್ತಾರ. ಬಾಯಿಮಾತು ಸಾಲದು, ಬದಲಿ ಅರ್ಜಿಗೆ ಇಬ್ಬರ ಸಹಿನೂ ಇರಲಿ. ಇಲ್ಲಾಂದ್ರ ಅವನು ಬರದ ದಿನ ಗೈರುಹಾಜರಿ ನಿಮ್ಮ ಹೆಸರಿಗೆ ಬೀಳ್ತೈತಿ.

ಒಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ವಿಭೂತಿ ಬುಧವಾರ (ತಪಸ್ಸುಕಾಲದ ಮೊದಲ ದಿನ), ಶುಭ ಶುಕ್ರವಾರ ಎರಡೂ ಕಡ್ಡಾಯ ಪೂಜೆಯ ದಿನಗಳಲ್ಲ. ಶುಭ ಶುಕ್ರವಾರ ಅಂತೂ ಬಲಿಪೂಜೆನೇ ಇರೂದಿಲ್ಲ, ಯೇಸುವಿನ ಯಾತನೆಯ ಆರಾಧನೆ ಇರ್ತೈತಿ. ಆ ಎರಡು ದಿನ ಕಡ್ಡಾಯ ಇರೋದು ಉಪವಾಸ ಮತ್ತು ಮಾಂಸವರ್ಜನೆ. ಪಾಳಿ ಬಿದ್ದು ಆರಾಧನೆ ತಪ್ಪಿದರ ಮನಸ್ಸಿಗೆ ಬ್ಯಾಸರ ಆಗ್ತೈತಿ ಖರೆ, ಪಾಪ ಅಲ್ಲ.

ಮುದಗಲ್ ಉಪದೇಶಿ:
ಸರಿಯಾಗಿ ಹೇಳಿದಿರಿ. ರೂಢಿ ನಿಯಮಕ್ಕಿಂತ ಬಿಗಿಯಾಗಿದೆ ಎಂಬುದಕ್ಕೆ ಅದೇ ಒಳ್ಳೆಯ ಉದಾಹರಣೆ.

ಚಹಾದ ಪ್ರಶ್ನೆಗೆ ವಿಧಿ 919 ನೋಡಿ: ಪರಮಪ್ರಸಾದ ಸ್ವೀಕರಿಸುವ ಮುಂಚೆ ಕನಿಷ್ಠ ಒಂದು ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ನೀರು ಮತ್ತು ಔಷಧಿಗೆ ತಡೆಯಿಲ್ಲ. ಗಂಟೆ ಎಣಿಸಬೇಕಾದ್ದು ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ, ಪೂಜೆ ಶುರುವಾಗುವ ಹೊತ್ತಿನಿಂದಲ್ಲ. ಭಾನುವಾರ 7ರ ಪೂಜೆಯಲ್ಲಿ ಪ್ರಸಾದದ ಸಾಲು ಸುಮಾರು 7.45ಕ್ಕೆ ಬರುತ್ತದೆ. ಪಾಳಿ ಮುಗಿಸಿ 6.30ರೊಳಗೆ ಚಹಾ ಕುಡಿದರೆ ತೊಂದರೆಯಿಲ್ಲ. ಮಧ್ಯರಾತ್ರಿಯಿಂದ ನೀರೂ ಮುಟ್ಟಬಾರದು ಅನ್ನೋದು ಹಳೆಯ ಕಾಲದ ನಿಯಮ. ಹನ್ನೆರಡನೇ ಪಿಯುಸ್ ಜಗದ್ಗುರುಗಳು (ಪೋಪ್) 1950ರ ದಶಕದಲ್ಲಿ ಅದನ್ನು ಮೂರು ಗಂಟೆಗೆ ಇಳಿಸಿದರು, 1964ರಲ್ಲಿ ಆರನೇ ಪೌಲರು ಒಂದು ಗಂಟೆಗೆ ತಂದರು. ಮನೆಯ ಹಿರಿಯರು ಮಧ್ಯರಾತ್ರಿಯ ಮಾತು ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರು ಕಲಿತಾಗ ಹಾಗೇ ಇತ್ತು.

ವಯಸ್ಸಾದವರು, ರೋಗಿಗಳು, ಅವರನ್ನು ನೋಡಿಕೊಳ್ಳುವವರಿಗೆ ಈ ಒಂದು ಗಂಟೆಯ ನಿಯಮವೂ ಇಲ್ಲ.

ಶಕ್ತಿನಗರ:
ಎಲಿಅಡಿಕಿ, ಗುಟ್ಕಾದ್ದೇನು? ಅದನ್ನ ನುಂಗೂದಿಲ್ಲಲ್ರಿ.

ಮುದಗಲ್ ಉಪದೇಶಿ:
ರಸ ಒಳಗೆ ಹೋಗುತ್ತದಲ್ಲ. ಎಲೆ ಅಡಿಕೆಯನ್ನೂ ಒಂದು ಗಂಟೆ ಮುಂಚೆ ಉಗುಳಿ, ಬಾಯಿ ಚೆನ್ನಾಗಿ ಮುಕ್ಕಳಿಸಿ. ಹಲ್ಲಿನ ಸಂದಿಯ ಚೂರಿನ ಜೊತೆ ಪರಮಪ್ರಸಾದ ಸೇರಿ ಆಮೇಲೆ ಹೊರಗೆ ಉಗುಳೋದು ಇದೆಯಲ್ಲ, ಅದು ಉಪವಾಸ ಮುರಿಯೋದಕ್ಕಿಂತ ದೊಡ್ಡ ತೊಂದರೆ. ಗುಟ್ಕಾ ಬಿಡೋದಕ್ಕೆ ತಪಸ್ಸುಕಾಲ ಒಳ್ಳೆಯ ನೆಪ, ಅದನ್ನು ಬೇರೆ ಹೇಳಬೇಕಿಲ್ಲ.

ಕೊಪ್ಪಳ ನರ್ಸ್:
ಬಿಸಿಲಿನ ಉಪವಾಸದ ಬಗ್ಗೆ ನಾನು ಬರೀತೀನಿ. ಯಾಕಂದ್ರೆ ಮಾರ್ಚ್ ಬಂದರೆ ಇದೇ ಗೋಳು.

ನಿಯಮ ಇಷ್ಟೇ. ಉಪವಾಸದ ದಿನಗಳು ವರ್ಷಕ್ಕೆ ಎರಡು, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. 18 ತುಂಬಿದವರಿಂದ ಹಿಡಿದು 59 ತುಂಬುವವರೆಗೆ. ಮಾಂಸವರ್ಜನೆ 14 ತುಂಬಿದ ಮೇಲೆ, ಅದಕ್ಕೆ ಮೇಲಿನ ಮಿತಿ ಇಲ್ಲ. ಉಪವಾಸ ಅಂದರೆ ಖಾಲಿ ಹೊಟ್ಟೆ ಅಲ್ಲ. ಒಂದು ಪೂರ್ತಿ ಊಟ, ಬೆಳಿಗ್ಗೆ ಮತ್ತು ರಾತ್ರಿ ಸ್ವಲ್ಪ ಸ್ವಲ್ಪ. ಆ ಎರಡು ಸ್ವಲ್ಪ ಕೂಡಿದರೂ ಒಂದು ಪೂರ್ತಿ ಊಟದಷ್ಟು ಆಗಬಾರದು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ: ದಿನಾ ಮೂರು ಜೋಳದ ರೊಟ್ಟಿ, ಪಲ್ಯ, ಅನ್ನ ಸಾರು ಉಣ್ಣೋರು ಮಧ್ಯಾಹ್ನ ಅದನ್ನೇ ಉಣ್ಣಿ. ಬೆಳಿಗ್ಗೆ ಅರ್ಧ ಪ್ಲೇಟ್ ಉಪ್ಪಿಟ್ಟು, ರಾತ್ರಿ ಒಂದು ರೊಟ್ಟಿ ಶೇಂಗಾ ಹಿಂಡಿ. ನಡುವೆ ಮಂಡಕ್ಕಿ ಮಿರ್ಚಿ ಇಲ್ಲ. ತಪ್ಪೋದು ಯಾವಾಗಲೂ ಅಲ್ಲೇ, ಸಂಜೆ ಐದಕ್ಕೆ.

ನೀರು, ಮಜ್ಜಿಗೆ, ನಿಂಬೆ ಶರಬತ್ತು, ಚಹಾ ಕುಡಿದರೆ ಈ ಉಪವಾಸ ಮುರಿಯಲ್ಲ. ಬಿಸಿಲಲ್ಲಿ ನೀರು ಬಿಡೋದು ತಪಸ್ಸಲ್ಲ, ಆಸ್ಪತ್ರೆಗೆ ದಾರಿ. 40–42 ಡಿಗ್ರಿಯಲ್ಲಿ ಮೆಣಸಿನಕಾಯಿ ಬಿಡಿಸೋರು, ಕುಲುಮೆ ಹತ್ತಿರ ಇರೋರು ತಾಸಿಗೊಮ್ಮೆ ಕುಡೀಲೇಬೇಕು, ಬೆವರು ಹೆಚ್ಚಾದರೆ ಓಆರ್‌ಎಸ್: ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಕಡಿಮೆ ನೀರಲ್ಲಿ ಗಟ್ಟಿಯಾಗಿ ಕಲಸಬಾರದು.

ಬಸುರಿ, ಬಾಣಂತಿ, ಹಾಲೂಡಿಸೋ ತಾಯಿ, ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್‌ನಲ್ಲಿ ಇರೋರು ಉಪವಾಸ ಮಾಡಬೇಕಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸೋ ಮಾತ್ರೆ ದಿನದ ಡೋಸ್ ತಗೊಂಡು ಊಟ ಬಿಟ್ಟರೆ ಸಕ್ಕರೆ ಕುಸಿದು ತಲೆ ಸುತ್ತಿ ಬೀಳ್ತಾರೆ. ಮೈ ನಡುಕ, ತಣ್ಣನೆ ಬೆವರು ಬಂದ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಸಿಂಧನೂರು ಕಾಲುವೆ:
ಮಾಂಸದ ಬಗ್ಗೆ. ಮೀನು, ತತ್ತಿ, ಹಾಲು ಮಾಂಸವರ್ಜನೆಯೊಳಗ ಬರೂದಿಲ್ಲ. ಕೋಳಿ ಬರ್ತದ. "ಕೋಳಿ ಮಾಂಸ ಅಲ್ಲ, ಚಿಕನ್" ಅನ್ನೋ ವಾದ ಇನ್ನೂ ನಡದದ. ಖಾಲಿ ಎಲುಬಿನ ಸಾರು ಕುಡಿಬಹುದಾ ಅಂತ ಕೇಳ್ತಾರ. 1917ರ ಸಂಹಿತೆಯೊಳಗ ಮಾಂಸದ ಸಾರನ್ನ ಹೆಸರು ಹಿಡಿದು ಬೇಡ ಅಂದಿತ್ತು, 1966ರ ನಿಯಮದೊಳಗ ಆ ಪದ ಇಲ್ಲ. ಆದ್ರ ತುಂಡು ಎತ್ತಿಟ್ಟು ಸಾರು ಸುರೀತೀನಿ ಅನ್ನೋದು ಸಂದಿ ಹುಡುಕೋ ಕೆಲಸ. ಪುಂಡಿಪಲ್ಯ, ಬ್ಯಾಳಿ ಮಾಡ್ರಿ, ಏನು ಕಡಿಮಿ ಆಗ್ತದ.

ಇನ್ನೊಂದು ಅದ. ಶುಕ್ರವಾರ ಮಾಂಸ ಬಿಡೂ ದಿನ, ಆದ್ರ ಅವತ್ತು ಮಹೋತ್ಸವ (ಧರ್ಮಸಭೆಯ ದೊಡ್ಡ ಹಬ್ಬ) ಬಂದರ ವರ್ಜನೆ ಇಲ್ಲ (ವಿಧಿ 1251). 2027ರೊಳಗ ನೋಡ್ರಿ, ಮಾರ್ಚ್ 19 ಸಂತ ಜೋಸೆಫರ ಹಬ್ಬ ಶುಕ್ರವಾರನ ಬರ್ತದ. ಅವತ್ತು ಮಾಂಸ ತಿಂದರ ನಿಯಮ ಮುರಿಯೂದಿಲ್ಲ. ಅದೇ ವರ್ಷ ಮಾರ್ಚ್ 25ರ ಮಂಗಳವಾರ್ತೆ ಹಬ್ಬ ಪವಿತ್ರ ಗುರುವಾರದ ಮ್ಯಾಲೆ ಬೀಳೂದ್ರಿಂದ ಏಪ್ರಿಲ್ 5ಕ್ಕ ಸರೀತದ.

ತೋರಣಗಲ್ಲು ಸಿ ಪಾಳಿ:
ಹಂಗಾದ್ರ ಜಾತ್ರಿಗೆ ಕರದ ಮನ್ಯಾಗ ಶುಕ್ರವಾರ ಮಟನ್ ಇಟ್ಟರ?

ಕೌಲ್‌ಬಜಾರ್ ಅಕ್ಕ:
ಮುಂಚೆನೇ ಫೋನ್ ಮಾಡಿ "ಇವತ್ತು ನಮಗೆ ಒಂದೊತ್ತು ಇದ್ದಂಗೆ, ಕಾಯಿಪಲ್ಯ ಸಾಕು" ಅನ್ನಿ. ಸೋಮವಾರ, ಶ್ರಾವಣ ಪಾಲಿಸೋ ಜನಕ್ಕೆ ಇದನ್ನ ವಿವರಿಸೋ ಅಗತ್ಯವೇ ಇಲ್ಲ, ಥಟ್ಟಂತ ಅರ್ಥ ಆಗುತ್ತೆ. ತಾಟಿಗೆ ಬಡಿಸಿದ ಮೇಲೆ ತಳ್ಳೋದು ಬೇರೆ ಮಾತು, ಅದು ಮನೆಯವರಿಗೆ ಅವಮಾನ. ಯುಗಾದಿ ಬೇವು ಬೆಲ್ಲ, ಹೋಳಿಗೆ ಯಾವ ದಿನ ಕೊಟ್ಟರೂ ಸಿಹಿಯೇ, ಮಾಂಸ ಅಲ್ಲ. ದೇವರಿಗೆ ಅರ್ಪಿಸಿದ ಪ್ರಸಾದದ ಪ್ರಶ್ನೆ ಎದ್ದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಓದಿ, ಪೌಲರು ಇದನ್ನೇ ಬಿಡಿಸಿದ್ದಾರೆ. ನೆರೆಯವರ ಊಟದಲ್ಲಿ ತಕರಾರು ತೆಗೀಬೇಡಿ, ಆದರೆ ಆರಾಧನೆಯಲ್ಲಿ ಪಾಲು ತಗೋಬೇಡಿ, ತಿನ್ನೋದರಿಂದ ಇನ್ನೊಬ್ಬರ ಮನಸ್ಸಾಕ್ಷಿಗೆ ಪೆಟ್ಟಾಗೋದಾದರೆ ಬಿಡಿ. ಆ ಅಧ್ಯಾಯಗಳ ಸಾರ ಅಷ್ಟು.

ಬೈಬಲ್ ಅಂದ ಕೂಡಲೇ ನೆನಪಾಯ್ತು. ಕನ್ನಡ ಬೈಬಲ್ ಕೊಳ್ಳುವಾಗ ಪರಿವಿಡಿ ತೆಗೆದು ನೋಡಿ. ಕಥೋಲಿಕ ಬೈಬಲಿನಲ್ಲಿ 73 ಗ್ರಂಥ. ತೊಬೀತ, ಯೂದಿತ, ಸುಜ್ಞಾನ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಇಲ್ಲದಿದ್ದರೆ ಅದು 66ರದ್ದು. ತಪ್ಪು ಅಂತಲ್ಲ, ಆದರೆ ಪೂಜೆಯಲ್ಲಿ ಸಿರಾಖನ ವಾಚನ ಬಂದಾಗ ಮಕ್ಕಳು ಪುಟ ತಿರುವಿ ತಿರುವಿ ಸೋಲುತ್ತಾರೆ.

ಸಿಂಧನೂರು ಕಾಲುವೆ:
ಕಾಲುವೆ ಕ್ಯಾಂಪಿನ ಕಡಿ ತಿಂಗಳಿಗೆ ಒಂದೆರಡು ಸಲ ಮಾತ್ರ ಗುರುಗಳು ಬರೋ ಊರು ಅವ. ಉಳಿದ ಭಾನುವಾರ ಹೆಂಗ ನಡಸಬೇಕು ಅನ್ನೋದನ್ನ ಉಪದೇಶಿಗಳು ಬರೀರಿ.

ಮುದಗಲ್ ಉಪದೇಶಿ:
ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿರುವ ಮುದಗಲ್ಲಿನಂಥ ಊರಿನಲ್ಲಿ ಚರ್ಚಿನ ಗಂಟೆ ಇದೆ. ಕಾಲುವೆ ಕ್ಯಾಂಪುಗಳಲ್ಲಿ ಗಂಟೆ ಇಲ್ಲ, ಹೊತ್ತು ನಾವೇ ಕಟ್ಟಬೇಕು. ಅರ್ಧ ಗಂಟೆ ಸಾಕು. ಶಿಲುಬೆಯ ಗುರುತು, ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ, ಆ ಭಾನುವಾರದ ಮೊದಲ ವಾಚನ, ಕೀರ್ತನೆ, ಎರಡನೇ ವಾಚನ, ಎದ್ದು ನಿಂತು ಶುಭಸಂದೇಶ. ಆಮೇಲೆ ಮೂರು ನಿಮಿಷ ಮೌನ. ಎಲ್ಲರೂ ಹಾರಿಸುವುದು ಈ ಮೌನವನ್ನೇ, ಅದರ ಜಾಗದಲ್ಲಿ ಯಾರಾದರೊಬ್ಬರು ಇಪ್ಪತ್ತು ನಿಮಿಷ ಭಾಷಣ ಮಾಡುತ್ತಾರೆ. ಬೇಡ. ನಂತರ ವಿಶ್ವಾಸ ಪ್ರಮಾಣ, ನಾಲ್ಕೈದು ಬಿನ್ನಹ (ಊರಿನ ರೋಗಿಗಳು, ಮಳೆ ಬೆಳೆ, ಸತ್ತವರು), ಕರ್ತರ ಪ್ರಾರ್ಥನೆ, ಮನಸ್ಸಿನಲ್ಲೇ ಪರಮಪ್ರಸಾದವನ್ನು ಬಯಸುವ ಪ್ರಾರ್ಥನೆ, ಒಂದು ಹಾಡು.

ಓದುವವರು ಶನಿವಾರ ರಾತ್ರಿಯೇ ಒಮ್ಮೆ ಜೋರಾಗಿ ಓದಿಕೊಳ್ಳಲಿ. ಇಸ್ರೇಲ್ ಅರಸರ ಹೆಸರು ಬಂದಾಗ ತಡವರಿಸಿದರೆ ಕೇಳುವವರ ಗಮನ ಅಲ್ಲೇ ಕೆಡುತ್ತದೆ. ಇದನ್ನು ಬಲಿಪೂಜೆ ಎಂದು ಕರೆಯಬಾರದು, ಗುರುಗಳು ಮಾತ್ರ ಹೇಳುವ ಪ್ರಾರ್ಥನೆಗಳನ್ನು ಹೇಳಬಾರದು. ಪರಮಪ್ರಸಾದ ಹಂಚಲು ಧರ್ಮಾಧ್ಯಕ್ಷರ (ಬಿಷಪ್) ಅಥವಾ ಅವರ ಪರವಾಗಿ ಕೊಟ್ಟ ಅನುಮತಿ ಬೇಕು, ಉಪದೇಶಿ ಎಂದ ಮಾತ್ರಕ್ಕೆ ಆ ಅಧಿಕಾರ ಬರುವುದಿಲ್ಲ.

ಶಕ್ತಿನಗರ:
ಮನ್ಯಾಗಿನ ಜಪಸರ ಯಾಕ ನಿಲ್ತದ ಅಂದ್ರ ಉದ್ದಕ್ಕ. ಐದು ದಶಕ (ಹತ್ತತ್ತು ಮಣಿಯ ಗುಂಪು), 53 ನಮೋ ಮರಿಯಾ, ನಿಧಾನಕ್ಕ ಹೇಳಿದರ 20 ನಿಮಿಷ. ಅದರ ಹಿಂದ ಪ್ರಾರ್ಥನಾಮಾಲೆ, ಅದರ ಹಿಂದ ಏಳೆಂಟು ಸಂತರಿಗೆ ಒಂದೊಂದು ಜಪ, ಕೊನಿಗೆ ಹಾಡು. 45 ನಿಮಿಷ ಆತಲ್ಲ, ಹುಡುಗ್ರು ಗ್ವಾಡಿಗೆ ಒರಗಿ ನಿದ್ದಿ ಮಾಡ್ತಾವ. ಸಣ್ಣ ಮಕ್ಕಳಿದ್ದರ ದಿನಕ್ಕ ಒಂದೇ ದಶಕ ಮಾಡ್ರಿ, ಐದು ನಿಮಿಷ. ವಾರಪೂರ್ತಿ ನಡೀತದ.

ಮುಂದಾಳು ಅರ್ಧ ಹೇಳಿ ನಿಲ್ಲಬೇಕು, ಉಳಿದವರು "ಸಂತ ಮರಿಯಾ" ದಿಂದ ಹಿಡೀಬೇಕು. ಒಬ್ಬರ ಬಾಲ ಇನ್ನೊಬ್ಬರು ತುಳಿದರ ಸಂತಿ ಗದ್ದಲ ಆಗ್ತದ. ಸೋಮವಾರ ಶನಿವಾರ ಸಂತೋಷದ ರಹಸ್ಯ (ಯೇಸು, ಮರಿಯಮ್ಮನ ಬದುಕಿನ ಘಟನೆ ಧ್ಯಾನಿಸೂದು), ಮಂಗಳವಾರ ಶುಕ್ರವಾರ ದುಃಖದ್ದು, ಬುಧವಾರ ಭಾನುವಾರ ಮಹಿಮೆಯದು, ಗುರುವಾರ ಬೆಳಕಿನದು. ಈ ಬೆಳಕಿನದು 2002ರೊಳಗ ಎರಡನೇ ಜಾನ್ ಪೌಲರು ಸೇರಿಸಿದ್ದು, ಹಳೇ ಪುಸ್ತಕದೊಳಗ ಇರೂದಿಲ್ಲ.

ಪಾಳಿಯವರಿಗೆ ಜಪಸರಕ್ಕಿಂತ ತ್ರಿಕಾಲ ಪ್ರಾರ್ಥನೆ ಹೊಂದ್ತದ. ಬೆಳಿಗ್ಗಿ ಆರು, ನಡು ಮಧ್ಯಾಹ್ನ, ಸಂಜಿ ಆರು, ಮೂರು ನಮೋ ಮರಿಯಾ ಅಷ್ಟ. ಊಟದ ಸೈರನ್ ಆದ ಕೂಡ್ಲೇ ಡಬ್ಬಿ ಬಿಚ್ಚೂ ಮುಂಚೆ ಎರಡು ನಿಮಿಷ.

ಗಂಗಾವತಿ ಅಕ್ಕಿಗಿರಣಿ:
ಮನಿ ಪೀಠದ್ದೂ ಬರೀಬೇಕು. ತಗಡಿನ ಮನ್ಯಾಗ ಏಪ್ರಿಲ್‌ದಾಗ ಮೇಣಬತ್ತಿ ಹಚ್ಚದನ ಬಾಗಿ ಮಲಗ್ತಾವ. ತೆಳ್ಳನ ಬತ್ತಿ ತರಬ್ಯಾಡ್ರಿ, ದಪ್ಪನ ಗಿಡ್ಡನ ಬತ್ತಿ ತಂದು ನೆಲದ ಹತ್ತಿರ ತಂಪಿನ್ಯಾಗ ಇಡ್ರಿ, ಇಲ್ಲಾ ಎಣ್ಣಿ ದೀಪ ಹಚ್ರಿ. ಮನ್ಯಾಗ ಮೇಣಬತ್ತಿನ ಇರಬೇಕಂತ ಎಲ್ಲೂ ಇಲ್ಲ. ಬೆಂಕಿ ಹತ್ತೋದು ಪ್ಲಾಸ್ಟಿಕ್ ಹೂವಿನ ಹಾರಕ್ಕ, ಪರದೆಗೆ. ದೀಪಕ್ಕೂ ಅವಕ್ಕೂ ಒಂದು ಮೊಳ ಅಂತರ ಇರಲಿ, ಮಲಗೂ ಮುಂಚೆ ಆರಸ್ರಿ.

ಮಂತ್ರಿಸಿದ ತೀರ್ಥ ಬಾಟ್ಲಿ ಬಿಸಿಲಿಗೆ ಇಟ್ಟರ ಪಾಚಿ ಕಟ್ತೈತಿ. ಸ್ವಲ್ಪ ಸ್ವಲ್ಪ ತರ್ರಿ, ಕೆಟ್ಟದ್ದನ್ನ ಬಚ್ಚಲಿಗೆ ಸುರೀದೆ ಗಿಡದ ಬುಡದ ಮಣ್ಣಿಗೆ ಹಾಕ್ರಿ. ಒಡೆದ ಪ್ರತಿಮೆ, ಹರಿದ ಪಟ ಅರಳಿ ಕಟ್ಟಿ ಮ್ಯಾಲೆ ಇಟ್ಟು ಬರೋದು, ಕಾಲುವಿಗೆ ಎಸೆಯೋದು ನಮ್ಮ ಮಂದಿನೂ ಮಾಡ್ತಾರ. ಮಂತ್ರಿಸಿದ ವಸ್ತು ಸುಡಬೇಕು, ಇಲ್ಲಾ ಯಾರೂ ತುಳೀದ ಜಾಗದಾಗ ಹೂಳಬೇಕು. ಪಟದ ಗಾಜು, ಫ್ರೇಮು ಬ್ಯಾರೆ ಮಾಡಿ ಕಾಗದ ಅಷ್ಟ ಸುಡ್ರಿ.

ಕೊಪ್ಪಳ ನರ್ಸ್:
ರೋಗಿಗಳ ವಿಷಯಕ್ಕೆ ಬರ್ತೀನಿ, ನನಗೆ ಹೆಚ್ಚು ಕೋಪ ಬರೋದು ಇಲ್ಲೇ. ಗುರುಗಳಿಗೆ ಫೋನ್ ಹೋಗೋದು ಉಸಿರು ನಿಂತ ಮೇಲೆ. ರೋಗಿಗಳ ಅಭ್ಯಂಗ (ಗುರುಗಳು ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸೋದು) ಬದುಕಿರೋರಿಗೆ ಕೊಡೋ ಸಂಸ್ಕಾರ. ವಿಧಿ 1004 ಹೇಳೋದು ಕಾಯಿಲೆಯಿಂದ ಅಥವಾ ಮುಪ್ಪಿನಿಂದ ಅಪಾಯ ಶುರುವಾದಾಗ ಅಂತ. ದೊಡ್ಡ ಆಪರೇಷನ್‌ಗೆ ಮುಂಚೆ, ಹೃದಯಾಘಾತ ಆದ ಮೇಲೆ, ವಯಸ್ಸಾಗಿ ತುಂಬಾ ನಿತ್ರಾಣ ಆದಾಗ ಕೇಳಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅದೇ ಕಾಯಿಲೆ ಜೋರಾದರೆ ಮತ್ತೆ ಕೊಡ್ತಾರೆ. "ಎಣ್ಣೆ ಹಚ್ಚಿದರೆ ಹೋಗೇಬಿಡ್ತಾರೆ" ಅನ್ನೋ ಹೆದರಿಕೆಯಿಂದ ಮನೆಯವರು ತಡ ಮಾಡ್ತಾರೆ, ತಡ ಮಾಡಿದ್ದಕ್ಕೇ ಆ ಹೆದರಿಕೆ ನಿಜ ಅನ್ನಿಸುತ್ತೆ. ಪ್ರಜ್ಞೆ ಇರುವಾಗಲೇ ಕರೆಸಿದರೆ ಪಾಪನಿವೇದನೆಯೂ (ಗುರುಗಳ ಮುಂದೆ ಪಾಪ ಹೇಳಿಕೊಳ್ಳೋದು) ಆಗುತ್ತೆ, ಪರಮಪ್ರಸಾದವೂ ಸಿಗುತ್ತೆ.

ಮನೆಗೆ ಪರಮಪ್ರಸಾದ ತರುವಾಗ ಸಣ್ಣ ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ, ಶಿಲುಬೆ, ಮೇಣಬತ್ತಿ, ಒಂದು ಲೋಟ ನೀರು. ಫ್ಯಾನ್ ಆಫ್ ಮಾಡಿ, ಟಿವಿ ಆಫ್ ಮಾಡಿ. ನುಂಗೋಕೆ ಕಷ್ಟ ಇದ್ದರೆ ಮುಂಚೆನೇ ಹೇಳಿ, ಚೂರು ಮುರಿದು ಚಮಚದಲ್ಲಿ ನೀರಿನ ಜೊತೆ ಕೊಡಬಹುದು. ಮೂಗಿನ ನಳಿಕೆಯಲ್ಲಿ ಆಹಾರ ಹೋಗ್ತಿದ್ದು ನುಂಗೋಕೇ ಆಗದಿದ್ದರೆ ಬಲವಂತ ಬೇಡ.

ಶಿಶು ಉಳಿಯೋದು ಅನುಮಾನ ಅಂದಾಗ, ಗುರುಗಳು ತಲುಪೋಕೆ ಆಗಲ್ಲ ಅಂದಾಗ ಯಾರು ಬೇಕಾದರೂ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಬಹುದು. ಬರೀ ನೀರು, ಸ್ಪಿರಿಟ್ ಅಲ್ಲ. ಸಿರಿಂಜಿನಲ್ಲಿ ಎರಡು ಮೂರು ಎಂಎಲ್ ಸ್ಟೆರೈಲ್ ನೀರು ತಲೆಯ ಚರ್ಮದ ಮೇಲೆ ಹರಿಯಬೇಕು, ಒದ್ದೆ ಬೆರಳು ಒತ್ತಿದರೆ ಸಾಲದು. ಸುರಿಯುತ್ತಲೇ ಹೇಳಬೇಕು: "ನಾನು ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ." "ನಾವು ಕೊಡುತ್ತೇವೆ" ಅಂದರೆ ಅದು ಆಗಲ್ಲ, ರೋಮ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆಮೇಲೆ ಧರ್ಮಕೇಂದ್ರಕ್ಕೆ ತಿಳಿಸಿ ರಿಜಿಸ್ಟರಲ್ಲಿ ಬರೆಸಬೇಕು. ಅಪ್ಪ ಅಮ್ಮ ಕೇಳಿಕೊಂಡ ಮಗುವಿಗೆ ಮಾತ್ರ. ಬೇರೆಯವರ ಮಕ್ಕಳ ಮೇಲೆ ಗುಟ್ಟಾಗಿ ನೀರು ಹಾಕೋದು ನಂಬಿಕೆದ್ರೋಹ, ನರ್ಸ್ ಆಗಿರೋರು ಅದರ ಹತ್ತಿರವೂ ಹೋಗಬಾರದು.

ತೋರಣಗಲ್ಲು ಸಿ ಪಾಳಿ:
ಸಣ್ಣ ಊರಾಗ ಪಾಪನಿವೇದನೆಗೆ ಮಂದಿ ಹೋಗೂದಿಲ್ಲ. ಫಾದರಿಗೆ ದನಿ ಗುರ್ತು ಸಿಗ್ತೈತಿ ಅಂತ.

ಮುದಗಲ್ ಉಪದೇಶಿ:
ವಿಧಿ 991: ಯಾವ ಗುರುಗಳ ಹತ್ತಿರ ಬೇಕಾದರೂ ಹೋಗಬಹುದು. ಪಕ್ಕದ ಊರಿಗೆ ಬಸ್ ಹತ್ತಿ. ತಪಸ್ಸುಕಾಲದಲ್ಲಿ ಹೊರಗಿನ ಗುರುಗಳನ್ನು ಕರೆಸುವುದೂ ಇದಕ್ಕಾಗಿಯೇ. ಕೇಳಿದ್ದನ್ನು ನೇರವಾಗಿ ಬಯಲು ಮಾಡಿದ ಗುರುವಿಗೆ ಆ ಕ್ಷಣವೇ ಬಹಿಷ್ಕಾರ, ಅಷ್ಟು ಬಿಗಿ. ಗುರುಗಳಿಗೆ ಕನ್ನಡ ಬಾರದಿದ್ದರೆ ದುಭಾಷಿಯನ್ನು ಇಟ್ಟುಕೊಳ್ಳಬಹುದು, ಅವರೂ ಗುಟ್ಟು ಕಾಯಬೇಕು. ಫೋನಿನಲ್ಲಿ ಪಾಪನಿವೇದನೆ ಆಗುವುದಿಲ್ಲ.

ಹೇಳುವ ಕ್ರಮ: ಕಳೆದ ಸಲ ಯಾವಾಗ ಮಾಡಿದ್ದು, ಗಂಭೀರ ಪಾಪ ಯಾವುವು, ಸುಮಾರು ಎಷ್ಟು ಸಲ. ಐದು ನಿಮಿಷದ ಕೆಲಸ. ದಾರಿ ತಪ್ಪುವುದು ಎಲ್ಲಿ ಅಂದರೆ, ಅತ್ತೆ ಏನು ಮಾಡಿದಳು, ಸೂಪರ್‌ವೈಸರ್ ಏನು ಅಂದ ಎಂದು ಬೇರೆಯವರ ಪಾಪ ಹೇಳತೊಡಗುತ್ತಾರೆ. ಮರೆತದ್ದು ಕ್ಷಮಿಸಲ್ಪಟ್ಟಿದೆ, ನೆನಪಾದರೆ ಮುಂದಿನ ಸಲ ಹೇಳಿ. ಬೇಕೆಂದೇ ಮುಚ್ಚಿಟ್ಟದ್ದು ಹಾಗಲ್ಲ. ಗಂಭೀರ ಪಾಪವನ್ನು ವರ್ಷಕ್ಕೆ ಒಮ್ಮೆಯಾದರೂ ಹೇಳಬೇಕು, ಅದು ಕನಿಷ್ಠ. ಪೂಜೆ ಮುಗಿದ ಮೇಲೆ ಗುರುಗಳು ಬೈಕ್ ಹತ್ತುವಾಗ ಹಿಡಿಯಬೇಡಿ. ಪೂಜೆಗೆ ಅರ್ಧ ಗಂಟೆ ಮುಂಚೆ ಬನ್ನಿ.

ಶಕ್ತಿನಗರ:
ದಶಮಾಂಶ ಕೊಡಲೇಬೇಕು ಅಂತ ಬ್ಯಾರೆ ಸಭೆಯವರು ಹೇಳ್ತಾರ.

ಕೌಲ್‌ಬಜಾರ್ ಅಕ್ಕ:
ನಮ್ಮಲ್ಲಿ ಹತ್ತರಲ್ಲಿ ಒಂದು ಅನ್ನೋ ಲೆಕ್ಕ ಕಡ್ಡಾಯ ಇಲ್ಲ. ಧರ್ಮಸಭೆಯ ಅಗತ್ಯಕ್ಕೆ ಶಕ್ತಿಗೆ ತಕ್ಕಂತೆ ಕೊಡಬೇಕು ಅಷ್ಟೇ. ಪೂಜೆ ಕಾಣಿಕೆ ಬಲಿಪೂಜೆಯ ಬೆಲೆ ಅಲ್ಲ. ಕೈಯಲ್ಲಿ ದುಡ್ಡಿಲ್ಲದಿದ್ದರೂ ಬಡವರ ಕೋರಿಕೆಗೆ ಪೂಜೆ ಮಾಡಿ ಅಂತ ವಿಧಿ 945 ಗುರುಗಳಿಗೇ ಹೇಳುತ್ತೆ. ಸಂಕೋಚ ಬಿಟ್ಟು ಕೇಳಿ.

ಸಿಂಧನೂರು ಕಾಲುವೆ:
ಒಂದು ಕಡೀ ಪ್ರಶ್ನೆ. ಸತ್ತವರನ್ನ ಸುಟ್ಟ ಮ್ಯಾಲೆ ಬೂದಿ ತುಂಗಭದ್ರಾಕ್ಕ ಬಿಡೋಣ ಅಂತ ಹಿಂದೂ ಬೀಗರು ಕೇಳಿದರ?

ಮುದಗಲ್ ಉಪದೇಶಿ:
ಸುಡುವುದಕ್ಕೆ 1963ರಿಂದ ಅನುಮತಿ ಇದೆ, ಹೂಳುವುದನ್ನೇ ಧರ್ಮಸಭೆ ಹೆಚ್ಚು ಬಯಸುತ್ತದೆ. ಬೂದಿಯನ್ನು ನೀರಿಗೆ, ಗಾಳಿಗೆ, ಹೊಲಕ್ಕೆ ಚೆಲ್ಲಬಾರದು ಎಂದು 2016ರ ಸೂಚನೆ ಹೇಳುತ್ತದೆ. ಪಾತ್ರೆಯಲ್ಲಿಟ್ಟು ಸಮಾಧಿ ಭೂಮಿಯಲ್ಲಿ ಹೂಳಿ. ಈ ಮಾತನ್ನು ಬೀಗರಿಗೆ ಸಾವಿನ ದಿನ ಹೇಳಿದರೆ ಜಗಳ ಆಗುತ್ತದೆ, ಹಿರಿಯರು ಬದುಕಿರುವಾಗಲೇ ತಮ್ಮ ಇಚ್ಛೆ ಬರೆದು ಸಹಿ ಹಾಕಿಡಲಿ.

ಗಂಗಾವತಿ ಅಕ್ಕಿಗಿರಣಿ:
ಬೂದಿ ಮಾತು ಬಂತಲ್ಲ, ವಿಭೂತಿ ಬುಧವಾರ ಹಣಿಗೆ ಹಚ್ಚೋ ಬೂದಿಗೆ ಹ್ವಾದ ವರ್ಷದ ಗರಿ (ಗರಿಗಳ ಭಾನುವಾರದ್ದು) ಚರ್ಚಿಗೆ ಕೊಡೋರು ಒಂದು ವಾರ ಮೊದಲ ಕೊಡ್ರಿ. 2027ರಾಗ ಅದು ಫೆಬ್ರುವರಿ 10. ಹಸಿ ಇದ್ದರ ಹೊಗಿ ಅಷ್ಟ ಬರ್ತೈತಿ, ಬೂದಿ ಬರೂದಿಲ್ಲ. ಪ್ಲಾಸ್ಟಿಕ್ ರಿಬ್ಬನ್, ಪಿನ್ನು ಮೊದಲ ಬಿಚ್ರಿ. ಸುಟ್ಟ ಮ್ಯಾಲೆ ಎರಡು ಸಲ ತೆಳ್ಳನ ಬಟ್ಟಿಯಾಗ ಸೋಸಬೇಕು. ಗಿಡದ ಬೂದಿಗೆ ನೀರು ಕಲಸಿ ಗಂಟೆಗಟ್ಟಲೆ ಇಟ್ಟರ ಅದು ಕ್ಷಾರ ಆಗಿ ಹಣಿ ಉರೀತೈತಿ, ಸಣ್ಣ ಮಕ್ಕಳಿಗಂತೂ ಗುಳ್ಳಿ ಏಳ್ತಾವ. ಒಣದನ್ನ ಹಚ್ಚಲಿ.

ತೋರಣಗಲ್ಲು ಸಿ ಪಾಳಿ:
ಆತ್ರಿ. ಫೆಬ್ರುವರಿ ಪಾಳಿ ಪಟ್ಟಿ ಜನವರಿ ಕೊನೀಗೆ ಬರ್ತೈತಿ, ಅದಕ್ಕ ಮುಂಚೆನ ಅರ್ಜಿ ಬರೀತೀನಿ.